ಬೆಳಗಾವಿಯಿಂದ ಗೋವಾ ಕಡಲಿಗೆ ಹಗಲಿನ ಪ್ಯಾಸೆಂಜರ್ ಗಾಡಿ ಏಕಿಲ್ಲ?

ಪ್ರಶ್ನೆ: ನಾವು ಬೆಳಗಾವಿಯ ಶಹಾಪುರದವರು. ಚೋರ್ಲಾ ಘಾಟಿನ ಮೇಲೆ ಹೋದರೆ ನಮಗೆ ಪಣಜಿ ಮೂರು-ನಾಲ್ಕು ತಾಸಿನ ದಾರಿ. ಊರಿನಿಂದ ಲೋಂಡಾಕ್ಕೆ ಹಳಿ ಇದೆ, ಲೋಂಡಾದಿಂದ ಗೋವಾಕ್ಕೂ ಹಳಿ ಇದೆ. ಆದರೂ ಬೆಳಿಗ್ಗೆ ಹತ್ತಿ, ಸಮುದ್ರ ನೋಡಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವಂಥ ಒಂದು ಪ್ಯಾಸೆಂಜರ್ ಗಾಡಿ ಇಲ್ಲ. ಘಾಟಿನಲ್ಲಿ ಎರಡನೇ ಹಳಿ ಹಾಕಿದರೆ ಇದು ಸಾಧ್ಯವಾದೀತೇ? ವಂದೇ ಭಾರತ್ ಬೆಳಗಾವಿಯವರೆಗೆ ಬಂದಿರುವಾಗ ಅಂಥದೇ ಗಾಡಿಯನ್ನು ವಾಸ್ಕೊಗೆ ಓಡಿಸಲು ಅಡ್ಡಿ ಏನು?

ಉತ್ತರ: ನೀವು ಕೇಳಿದ್ದಕ್ಕೆಲ್ಲ ಉತ್ತರ ಕ್ಯಾಸಲ್‌ರಾಕ್ ಮತ್ತು ಕುಲೆಂ ನಿಲ್ದಾಣಗಳ ನಡುವಿನ 26 ಕಿಲೋಮೀಟರ್ ಹಳಿಯಲ್ಲಿದೆ. ಬೆಳಗಾವಿಯಿಂದ ದೇಸೂರು, ಖಾನಾಪುರ, ಗುಂಜಿ ದಾಟಿ ಲೋಂಡಾ ಸೇರುವುದು ಸುಮಾರು 50 ಕಿ.ಮೀ.; ಅಲ್ಲಿಂದ ತಿನೈಘಾಟ್ ಮೇಲೆ ಕ್ಯಾಸಲ್‌ರಾಕ್ ಮತ್ತೆ 25 ಕಿ.ಮೀ. ಆಸುಪಾಸು. ಕುಲೆಂನಿಂದ ಆಚೆಗೆ ಮಡಗಾಂವ್ ಹಾಯ್ದು ವಾಸ್ಕೊವರೆಗಿನ ಹಳಿ ಬಹುಮಟ್ಟಿಗೆ ಬಯಲಿನದು. ಈ ಎರಡು ತುದಿಗಳಲ್ಲಿ ಗಾಡಿ ಓಡಿಸುವುದು ಯಾವ ವಿಭಾಗಕ್ಕೂ ಕಷ್ಟದ ಕೆಲಸವಲ್ಲ. ನಡುವಿನ ಘಾಟು, ರೈಲ್ವೆಯವರು ಬ್ರಗಾಂಜಾ ಘಾಟ್ ಎಂದು ಕರೆಯುವ ಆ ಇಳಿಜಾರು, ಎಷ್ಟು ಗಾಡಿ ಓಡಬೇಕು, ಯಾವ ಹೊತ್ತಿಗೆ ಓಡಬೇಕು, ಎಷ್ಟು ಎಂಜಿನ್ ಕಟ್ಟಿಕೊಂಡು ಓಡಬೇಕು ಎಂಬುದನ್ನೆಲ್ಲ ತಾನೇ ನಿರ್ಧರಿಸುತ್ತದೆ.

ಈ ಹಳಿ ಹುಟ್ಟಿದ್ದೇ ಸರಕಿಗಾಗಿ ಎಂಬುದನ್ನು ಮೊದಲು ನೆನಪಿಡಬೇಕು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದ ಫಲವಾಗಿ ಮುರ್ಮುಗೋವಾ ಬಂದರಿನಿಂದ ಗಡಿಯವರೆಗೆ ‘ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ’ ಎಂಬ ಕಂಪನಿ ಮೀಟರ್ ಗೇಜ್ ಹಳಿ ಹಾಕಿತು; ಗಡಿಯ ಈಚೆಗೆ ಸದರ್ನ್ ಮರಾಠಾ ರೈಲ್ವೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಲೋಂಡಾಕ್ಕೆ ಜೋಡಿಸಿತು. 1888ರ ಹೊತ್ತಿಗೆ ಎರಡೂ ಕೂಡಿದವು. ನಮ್ಮ ಭಾಗದ ಹತ್ತಿಯನ್ನು ಬಂದರಿಗೆ ಇಳಿಸಬೇಕು, ಬರ ಬಿದ್ದರೆ ಒಳನಾಡಿಗೆ ಕಾಳುಕಡಿ ಏರಿಸಬೇಕು ಎಂಬುದು ಆಗಿನ ಲೆಕ್ಕ. ಬೆಳಗಾವಿಯ ಜನ ಕಡಲು ನೋಡಬೇಕು ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ. ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರ ಸುಂಕದ ಕಟ್ಟೆ, ಕುಲೆಂನಲ್ಲಿ ಪೋರ್ಚುಗೀಸರ ಸುಂಕದ ಕಟ್ಟೆ ಇದ್ದುದರಿಂದ ಈ ಎರಡು ಸಣ್ಣ ಊರುಗಳಿಗೆ ಅಷ್ಟು ದೊಡ್ಡ ನಿಲ್ದಾಣಗಳು ದೊರೆತವು. 1955ರಲ್ಲಿ ಭಾರತ ಸರ್ಕಾರ ಗೋವಾದೊಂದಿಗಿನ ರೈಲು ಸಂಪರ್ಕ ನಿಲ್ಲಿಸಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ಮೇಲಷ್ಟೇ ಅದು ಮತ್ತೆ ತೆರೆಯಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತಾದರೂ, ಘಾಟಿನಲ್ಲಿ ಹಳಿ ಅಗಲವಾಯಿತೇ ಹೊರತು ಹಳೆಯ ಏರು ಇಳಿಯಲಿಲ್ಲ.

ಆ ಏರು 37ಕ್ಕೆ 1. ಎಂದರೆ 37 ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಮೇಲೇರುತ್ತದೆ. ಡಾಂಬರು ರಸ್ತೆಯಲ್ಲಿ ಇದನ್ನು ಏರು ಎಂದು ಯಾರೂ ಗಮನಿಸಲಿಕ್ಕಿಲ್ಲ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಲ್ಲಿ ಇದು ಕಡಿದಾದ ಏರೇ. ಲೆಕ್ಕ ಸುಲಭವಾಗಿದೆ: ಗಾಡಿಯ ಒಟ್ಟು ತೂಕವನ್ನು 37ರಿಂದ ಭಾಗಿಸಿದರೆ, ಇಳಿಜಾರು ಅದನ್ನು ಎಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತದೆ ಎಂಬುದು ತಿಳಿಯುತ್ತದೆ. ಸಾವಿರ ಟನ್ ತೂಗುವ ಉದ್ದನೆಯ ಎಕ್ಸ್‌ಪ್ರೆಸ್ ಗಾಡಿಯನ್ನು ಇಳಿಜಾರು 27 ಟನ್ ಬಲದಿಂದ ಎಳೆಯುತ್ತದೆ. ತಿರುವುಗಳ ಘರ್ಷಣೆ ಬೇರೆ. ಪ್ರಯಾಣಿಕರ ಗಾಡಿಗೆ ಕಟ್ಟುವ ದೊಡ್ಡ ಎಂಜಿನ್ ನಿಂತಲ್ಲಿಂದ ಹೊರಡುವಾಗ ಕೊಡಬಲ್ಲ ಗರಿಷ್ಠ ಬಲ 30 ಟನ್‌ನ ಆಸುಪಾಸು. ಮಳೆಯಲ್ಲಿ ಹಳಿ ಜಾರುವಾಗ ಅಷ್ಟೂ ದಕ್ಕುವುದಿಲ್ಲ. ಇನ್ನು ಬಂದರಿನಿಂದ ಕಲ್ಲಿದ್ದಲು ತುಂಬಿಕೊಂಡು ಮೇಲೇರುವ ಗೂಡ್ಸ್ ಗಾಡಿ ಐದು ಸಾವಿರ ಟನ್ ಇದ್ದರೆ 135 ಟನ್ ಬಲ ಬೇಕು. ಸರಕು ಎಂಜಿನ್ ಒಂದರ ಬಲ 50 ಟನ್ ಆಸುಪಾಸು ಎಂದರೆ ಬರೀ ಗಣಿತದಲ್ಲೇ ಮೂರು ಎಂಜಿನ್ ಆದವು, ಸುರಕ್ಷತೆಯ ಅಂತರ ಇಟ್ಟುಕೊಂಡರೆ ಇನ್ನೂ ಹೆಚ್ಚು. ಎಲ್ಲವನ್ನೂ ಮುಂದೆಯೇ ಕಟ್ಟಿದರೆ ಬೋಗಿಗಳ ನಡುವಿನ ಕಪ್ಲಿಂಗ್ ತಾಳುವುದಿಲ್ಲ. ಆದ್ದರಿಂದ ಕೆಲವನ್ನು ಹಿಂದೆ ಕಟ್ಟಿ ನೂಕಿಸುತ್ತಾರೆ. ಇವೇ ಬ್ಯಾಂಕರ್ ಎಂಜಿನ್‌ಗಳು. ನಡುವೆ ಎಲ್ಲಾದರೂ ಕಪ್ಲಿಂಗ್ ಕಡಿದರೂ ಹಿಂದಿನ ಬೋಗಿಗಳು ಕೆಳಕ್ಕೆ ಓಡದಂತೆ ತಡೆಯುವ ಕೆಲಸವೂ ಇವುಗಳದೇ.

ಬೆಳಗಾವಿಯಿಂದ ಹೋಗುವಾಗ ಇಳಿಜಾರು ತಾನೇ, ಎಂಜಿನ್ ಏಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಘಾಟಿನಲ್ಲಿ ಕೆಲಸ ಮಾಡಿದವರಿಗೆ ಏರಿಗಿಂತ ಇಳಿಯುವುದರ ಭಯವೇ ಹೆಚ್ಚು; ಗಾಡಿಯನ್ನು ಹಿಡಿದು ಇಳಿಸಲು ಆಗಲೂ ಬ್ಯಾಂಕರ್ ಬೇಕು. ಕ್ಯಾಸಲ್‌ರಾಕ್‌ನಲ್ಲಿ ಗಾಡಿ ನಿಂತಾಗ ಹೊರಗಿಳಿದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಬ್ಯಾಂಕರ್ ಮೆಲ್ಲಗೆ ಬಂದು ತಾಗಿದ ಮೇಲೆ ನೌಕರರು ಬೋಗಿಗಳ ನಡುವೆ ಬಗ್ಗಿ ಬ್ರೇಕಿನ ಗಾಳಿಯ ಕೊಳವೆ ಜೋಡಿಸುತ್ತಾರೆ. ಕೊಳವೆಗಳಲ್ಲಿ ಗಾಳಿ ತುಂಬುವ ಸುಯ್ಯೆಂಬ ಸದ್ದು ಗಾಡಿಯ ಉದ್ದಕ್ಕೂ ಸಾಗುತ್ತದೆ. ಎಂಜಿನ್ನಿನ ಮಾಪಕದಲ್ಲಿ ಒತ್ತಡ 5 ಕೆ.ಜಿ. ತೋರಬೇಕು, ಕೊನೆಯ ಬೋಗಿಯಲ್ಲಿ ಗಾರ್ಡ್ ಸಾಹೇಬರ ಮುಂದಿನ ಮಾಪಕದಲ್ಲಿ 4.8ಕ್ಕೆ ಬರಬೇಕು. ಅನಂತರ ಚಾಲಕರು ಬ್ರೇಕ್ ಹಾಕುತ್ತಾರೆ, ಕೊನೆಯ ಬೋಗಿಯವರೆಗೂ ಅದು ಹಿಡಿದಿದೆಯೇ ಎಂದು ನೋಡುತ್ತಾರೆ, ಬಿಡುತ್ತಾರೆ, ಮತ್ತೆ ನೋಡುತ್ತಾರೆ. ಒಳಗೆ ಕುಳಿತವರು ‘ಏನ್ರೀ, ಗಾಡಿ ಇಲ್ಲೇ ಮಲಗೈತಲ್ಲ’ ಎಂದು ಗೊಣಗುವುದು ಸಹಜ, ಆದರೆ ಆ ಹದಿನೈದು-ಇಪ್ಪತ್ತು ನಿಮಿಷವನ್ನು ಉಳಿಸುವ ಯೋಚನೆಯನ್ನು ಯಾರೂ ಮಾಡಬಾರದು. ಮುಂದೆ ಕಾರಂಜೋಳ್, ದೂಧಸಾಗರ, ಸೊನಾವಳಿ ದಾಟಿ ಕುಲೆಂ ಮುಟ್ಟುವವರೆಗೆ ತಾಸಿಗೆ 30 ಕಿ.ಮೀ. ಆಸುಪಾಸಿನ ವೇಗ, ಸುರಂಗ, ತಿರುವು, ಸೇತುವೆಗಳ ಸಾಲು. 26 ಕಿ.ಮೀ.ಗೆ ಹೆಚ್ಚುಕಡಿಮೆ ಒಂದು ತಾಸು ಹೋಗಿಬಿಡುತ್ತದೆ.

ಈಗ ‘ದಾರಿ ಖಾಲಿ ಇದೆಯೇ’ ಎಂಬ ಪ್ರಶ್ನೆಗೆ ಬರೋಣ. ಒಂಟಿ ಹಳಿಯ ಮೇಲೆ ಎದುರುಬದುರಾದ ಗಾಡಿಗಳು ನಿಲ್ದಾಣದಲ್ಲಿ ಮಾತ್ರ ದಾಟಿಕೊಳ್ಳಬಲ್ಲವು. ಘಾಟಿನ ನಡುವೆ ಅಂಥ ನಿಲ್ದಾಣಗಳು ಮೂರೇ. ಒಂದು ಗಾಡಿ ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುವ ಹದಿನೈದು ನಿಮಿಷ ಎದುರಿನದು ಕಾಯಲೇಬೇಕು. ಮುರ್ಮುಗೋವಾ ಬಂದರಿಗೆ ಬರುವ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಇದೇ ದಾರಿಯಲ್ಲಿ ಏರುತ್ತದೆ, ಖಾಲಿ ಗಾಡಿಗಳು ಇದೇ ದಾರಿಯಲ್ಲಿ ಇಳಿಯುತ್ತವೆ. ಸಾಮಾನ್ಯರ ಲೆಕ್ಕಕ್ಕೆ ಬಾರದ ಸಂಗತಿ ಇನ್ನೊಂದಿದೆ. ಗೂಡ್ಸನ್ನು ಮೇಲಕ್ಕೆ ನೂಕಿದ ಬ್ಯಾಂಕರ್‌ಗಳು ಮುಂದಿನ ಗಾಡಿಗಾಗಿ ಮತ್ತೆ ಕುಲೆಂಗೆ ಇಳಿಯಬೇಕು. ಇಳಿಯುವ ಗಾಡಿಯೊಂದು ಆ ಹೊತ್ತಿಗೆ ಸಿಕ್ಕರೆ ಅದಕ್ಕೆ ಕಟ್ಟಿ ಕಳುಹಿಸುತ್ತಾರೆ. ಸಿಗದಿದ್ದರೆ ಬರೀ ಎಂಜಿನ್‌ಗಳೇ ಇಳಿಯುತ್ತವೆ, ಆಗ ಒಂದು ಗಾಡಿಗೆ ಸಿಗಬೇಕಾದ ದಾರಿ ಅವಕ್ಕೆ ಹೋಗುತ್ತದೆ. ಎಂಟು ಬೋಗಿಯ ಒಂದು ಪ್ಯಾಸೆಂಜರ್ ಗಾಡಿ ಬಂದರೂ ಅದಕ್ಕೂ ಇಷ್ಟೇ ಹೊತ್ತು ದಾರಿ ಬಿಡಬೇಕು, ಬ್ಯಾಂಕರ್ ಕಟ್ಟಿದರೆ ಅದೂ ಅಷ್ಟು ಹೊತ್ತು ಸಿಕ್ಕಿಬೀಳುತ್ತದೆ. ಕಲ್ಲಿದ್ದಲಿನ ಬಾಡಿಗೆ ಎಲ್ಲಿ, ಪ್ಯಾಸೆಂಜರ್ ಟಿಕೆಟ್ಟಿನ ಹುಟ್ಟುವಳಿ ಎಲ್ಲಿ! ರೈಲ್ವೆ ತನ್ನ ಪ್ರಯಾಣಿಕ ಸೇವೆಯ ನಷ್ಟವನ್ನು ಸರಕಿನ ಆದಾಯದಿಂದಲೇ ತುಂಬಿಕೊಳ್ಳುತ್ತದೆ. ಹಾಗಾಗಿ ಈ ಘಾಟಿನಲ್ಲಿ ಹಗಲು ಹೊತ್ತನ್ನು ಪ್ರಯಾಣಿಕರಿಗೆ ಬಿಟ್ಟುಕೊಡುವ ತೀರ್ಮಾನ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕಾಗುತ್ತದೆ.

ಹಾಗಿದ್ದರೆ ಎರಡನೇ ಹಳಿ ಹಾಕಿದರೆ ಮುಗಿಯಿತಲ್ಲ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಹೊಸಪೇಟೆಯಿಂದ ಹುಬ್ಬಳ್ಳಿ, ಲೋಂಡಾ, ತಿನೈಘಾಟ್ ಮೇಲೆ ವಾಸ್ಕೊವರೆಗೆ ಜೋಡಿ ಹಳಿಯ ಯೋಜನೆ ಹಲವು ವರ್ಷಗಳಿಂದ ನಡೆದಿದೆ. ಅದರಲ್ಲಿ ಕ್ಯಾಸಲ್‌ರಾಕ್–ಕುಲೆಂ ತುಣುಕು ಕರ್ನಾಟಕದ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಿಗೂ ಗೋವಾದ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನದ ಒಡಲಿಗೂ ಸೇರಿದ್ದು. ಗೋವಾದಲ್ಲಿ ಇದನ್ನು ಜನ ಕಲ್ಲಿದ್ದಲಿನ ಹಳಿ ಎಂದೇ ಕಂಡರು. 2020ರ ನವೆಂಬರಿನಲ್ಲಿ ಚಾಂದರ್ ಊರಿನ ಹಳಿಯ ಬಳಿ ಸಾವಿರಾರು ಮಂದಿ ರಾತ್ರಿಯಿಡೀ ಕುಳಿತು ಪ್ರತಿಭಟಿಸಿದರು. ಬಳ್ಳಾರಿ ಗಣಿ ಪ್ರಕರಣದಿಂದ ನಮಗೆಲ್ಲ ಪರಿಚಿತವಾದ, ಸುಪ್ರೀಂ ಕೋರ್ಟಿಗೆ ಅರಣ್ಯ ವಿಷಯಗಳಲ್ಲಿ ವರದಿ ಕೊಡುವ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರಲ್ಲಿ ವರದಿ ಕೊಟ್ಟು, ರೈಲು ಜಾಲದ ಅತ್ಯಂತ ಅದಕ್ಷವಾದ ಈ ತುಣುಕಿನ ಸಾಮರ್ಥ್ಯವನ್ನು ತುಸುವೇ ಹೆಚ್ಚಿಸುವುದಕ್ಕಾಗಿ ಇಂಥ ಕಾಡನ್ನು ಕಡಿಯುವುದಕ್ಕೆ ಸಮರ್ಥನೆ ಕಾಣದು ಎಂಬ ಅಭಿಪ್ರಾಯಕ್ಕೆ ಬಂದಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ತುಣುಕಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದುಪಡಿಸಿತು. ಜೀವವೈವಿಧ್ಯದ ಮೇಲಿನ ಪರಿಣಾಮವನ್ನು ಸರಿಯಾಗಿ ಅಧ್ಯಯನ ಮಾಡಿ ಹೊಸ ಪ್ರಸ್ತಾವ ಸಲ್ಲಿಸುವ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಆ ಸಮಿತಿಯ ಮಾತು ರೈಲ್ವೆ ಸಂಚಾರದ ದೃಷ್ಟಿಯಿಂದಲೂ ಸರಿ. ಎರಡನೇ ಹಳಿ ಬಂದರೆ ಕ್ರಾಸಿಂಗಿನ ಕಾಯುವಿಕೆ ತಪ್ಪುತ್ತದೆ, ಆದರೆ 37ಕ್ಕೆ 1ರ ಏರು, ಬ್ಯಾಂಕರ್ ಕಟ್ಟುವ ಬಿಚ್ಚುವ ಕೆಲಸ, 30ರ ವೇಗ ಇವು ಮೂರೂ ಹಾಗೆಯೇ ಉಳಿಯುತ್ತವೆ. ಬಿಡುವಾದ ದಾರಿಯಲ್ಲಿ ಮೊದಲು ಬರುವುದು ಇನ್ನಷ್ಟು ಕಲ್ಲಿದ್ದಲು ಗಾಡಿ. ‘ಜೋಡಿ ಹಳಿ ಆದ ಮೇಲೆ ಪ್ಯಾಸೆಂಜರ್’ ಎಂದು ಯಾರಾದರೂ ಭಾಷಣದಲ್ಲಿ ಹೇಳಿದರೆ ಆ ಎರಡನ್ನೂ ಒಂದಕ್ಕೊಂದು ಕಟ್ಟಬೇಕಾದ ಅಗತ್ಯವಿಲ್ಲ ಎಂದು ತಿಳಿಯಿರಿ. ಲೋಂಡಾ–ಬೆಳಗಾವಿ–ಮೀರಜ್ ನಡುವಿನ ಜೋಡಿ ಹಳಿಯ ಕೆಲಸದ ಮಾತು ಬೇರೆ. ಅದು ನಮ್ಮ ಊರಿಗೆ ನಿಜವಾಗಿಯೂ ಉಪಯೋಗದ್ದು, ಆದರೆ ಅದರ ಲಾಭ ಘಾಟಿನ ಅಂಚಿಗೆ ನಿಂತುಬಿಡುತ್ತದೆ.

ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2021ರ ಜುಲೈಯಲ್ಲಿ ಕೊಂಕಣ ರೈಲ್ವೆಯ ಅಡಚಣೆಯಿಂದಾಗಿ ಈ ದಾರಿಗೆ ತಿರುಗಿಸಿದ್ದ ಮಂಗಳೂರು–ಮುಂಬೈ ಗಾಡಿ ದೂಧಸಾಗರ–ಸೊನಾವಳಿ ನಡುವೆ ಗುಡ್ಡ ಕುಸಿದು ಹಳಿ ತಪ್ಪಿತು. 2024ರ ಆಗಸ್ಟಿನಲ್ಲಿ ಇದೇ ಘಾಟಿನಲ್ಲಿ ಗೂಡ್ಸ್ ಗಾಡಿ ಹಳಿ ತಪ್ಪಿ ಕೆಲವು ದಿನ ಸಂಚಾರವೇ ನಿಂತಿತು. ಹೊಸ ಗಾಡಿ ಬಂದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆಗಾಗ ರದ್ದಾಗುತ್ತದೆ ಎಂದು ಮನಸ್ಸಿನಲ್ಲಿಟ್ಟುಕೊಂಡೇ ಕೇಳಬೇಕು.

ವಂದೇ ಭಾರತ್ ವಿಷಯದಲ್ಲಿ ನಿಮ್ಮ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. 2024ರ ಸೆಪ್ಟೆಂಬರಿನಲ್ಲಿ ಪುಣೆ–ಹುಬ್ಬಳ್ಳಿ, 2025ರ ಆಗಸ್ಟಿನಲ್ಲಿ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಆರಂಭವಾದವು. ಈಗ ಗೋವಾಕ್ಕೂ ಬೇಕು ಎಂಬ ಕೂಗು ಸಹಜ. ಅದರ ವೇಗ ಘಾಟಿನಲ್ಲಿ ನಿರುಪಯೋಗಿ. 130ರಲ್ಲಿ ಓಡಬಲ್ಲ ಗಾಡಿಯೂ ಅಲ್ಲಿ 30ರಲ್ಲೇ ಇಳಿಯಬೇಕು. ಉಪಯೋಗಕ್ಕೆ ಬರುವುದು ಅದರ ಒಡಲಿನ ರಚನೆ. ಸಾಮಾನ್ಯ ಗಾಡಿಯಲ್ಲಿ ಎಳೆಯುವ ಶಕ್ತಿಯೆಲ್ಲ ಮುಂದಿನ ಎಂಜಿನ್ನಿನಲ್ಲಿದ್ದರೆ, ವಂದೇ ಭಾರತ್‌ನಲ್ಲಿ ಮೋಟಾರುಗಳು ಅರ್ಧದಷ್ಟು ಬೋಗಿಗಳ ಕೆಳಗೆ ಹಂಚಿಹೋಗಿರುತ್ತವೆ, ನಿಂತಲ್ಲೇ ಹಿಡಿದಿಡುವ ಪಾರ್ಕಿಂಗ್ ಬ್ರೇಕ್ ಕೂಡ ಇರುತ್ತದೆ. ಇದರಿಂದಲೇ 2023ರ ಫೆಬ್ರವರಿಯಲ್ಲಿ ಆರಂಭವಾದ ಮುಂಬೈ–ಸೋಲಾಪುರ ಮತ್ತು ಮುಂಬೈ–ಶಿರಡಿ ವಂದೇ ಭಾರತ್ ಗಾಡಿಗಳು ಭೋರ್ ಘಾಟನ್ನೂ ಥಳ್ ಘಾಟನ್ನೂ ಬ್ಯಾಂಕರ್ ಇಲ್ಲದೆ ಏರುತ್ತವೆ. ಆ ಘಾಟುಗಳ ಏರೂ 37ಕ್ಕೆ 1 ಎಂಬುದನ್ನು ಗಮನಿಸಿ. ಬ್ಯಾಂಕರ್ ಬೇಡವಾದರೆ ಕ್ಯಾಸಲ್‌ರಾಕ್, ಕುಲೆಂಗಳಲ್ಲಿ ಹೋಗುವ ಹೊತ್ತು ಉಳಿಯುತ್ತದೆ, ಎಂಜಿನ್ ಹಿಂದಿರುಗಿಸುವ ತಾಪತ್ರಯವೂ ಇಲ್ಲ. ಇದೇ ತತ್ತ್ವದ ಸಣ್ಣ, ಅಗ್ಗದ ಗಾಡಿಗೆ, ಎಂದರೆ ಎಂಟು ಬೋಗಿಯ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ಗಾಡಿ) ಬಗೆಯದಕ್ಕೆ, ಘಾಟಿಗೆ ತಕ್ಕ ಬ್ರೇಕ್ ಅಳವಡಿಸಿ ಪರೀಕ್ಷೆ ನಡೆಸಿದರೆ ನಮ್ಮ ದಾರಿಗೆ ಅದಕ್ಕಿಂತ ಒಪ್ಪುವ ಗಾಡಿ ಇನ್ನೊಂದಿಲ್ಲ. ನಾನೂರು ಟನ್ನಿನ ಗಾಡಿಯನ್ನು ಇಳಿಜಾರು ಎಳೆಯುವುದು ಬರೀ 11 ಟನ್ ಬಲದಿಂದ. ಆದರೆ ಘಾಟಿನಲ್ಲಿ ಯಾವ ಹೊಸ ಬಗೆಯ ಗಾಡಿ ಓಡಿಸಬೇಕಾದರೂ ಬ್ರೇಕ್ ಪರೀಕ್ಷೆಯಾಗಿ ಸುರಕ್ಷತಾ ಮಂಜೂರಾತಿ ಸಿಗಬೇಕು. ಮೇಲೆ ವಿದ್ಯುತ್ ತಂತಿಯೂ ಬೇಕು. ಹುಬ್ಬಳ್ಳಿ–ಲೋಂಡಾ–ವಾಸ್ಕೊ ಮಾರ್ಗದ ವಿದ್ಯುದೀಕರಣವನ್ನು ಘಾಟು ಸೇರಿಸಿಯೇ ಕೈಗೆತ್ತಿಕೊಂಡಿರುವುದರಿಂದ ಈ ಮಾತು ಈಗ ಕನಸಿನದಲ್ಲ.

ಅಲ್ಲಿಯವರೆಗೆ ಏನು ಕೇಳಬಹುದು? ಈಗಿನ ಸ್ಥಿತಿಯನ್ನು ನೋಡಿ. ದಿಲ್ಲಿಯ ನಿಜಾಮುದ್ದೀನ್‌ನಿಂದ ವಾಸ್ಕೊಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿಗೆ ಬರುವುದು ನಡುರಾತ್ರಿಯ ಹೊತ್ತಿಗೆ. ಮಕ್ಕಳು-ಮರಿ ಕಟ್ಟಿಕೊಂಡು ಹೋಗುವವರಿಗೆ ಅದು ಹೊತ್ತಲ್ಲ. ತಿರುಗಿ ಬರುವಾಗ ಮಾತ್ರ ಅದೇ ಗಾಡಿ ಮಧ್ಯಾಹ್ನದ ಮೇಲೆ ವಾಸ್ಕೊ ಬಿಟ್ಟು ರಾತ್ರಿ ಊಟದ ವೇಳೆಗೆ ಬೆಳಗಾವಿ ಮುಟ್ಟಿಸುತ್ತದೆ. ಎಂದರೆ ನೀವು ಬಯಸುವ ಪ್ರಯಾಣದ ಹಿಂದಿರುಗುವ ಅರ್ಧ ಈಗಾಗಲೇ ಇದೆ; ಇಲ್ಲದಿರುವುದು ಬೆಳಗಿನ ಅರ್ಧ. ಮೀರಜ್‌ನಿಂದ ಬೆಳಗಾವಿ ಮೇಲೆ ಕ್ಯಾಸಲ್‌ರಾಕ್‌ವರೆಗೆ ಪ್ಯಾಸೆಂಜರ್ ಗಾಡಿ ಓಡಿಸಿದ ರೂಢಿ ಇದೆ. ಘಾಟಿನ ಕೆಳಗೆ ಕುಲೆಂ–ವಾಸ್ಕೊ ನಡುವೆ ಸ್ಥಳೀಯ ಪ್ಯಾಸೆಂಜರ್ ಸೇವೆ ಇದೆ. ಒಂದು ಘಾಟಿನ ಮೇಲಂಚಿಗೆ ಬಂದು ನಿಲ್ಲುತ್ತದೆ, ಇನ್ನೊಂದು ಕೆಳಗಿನ ಬುಡದಲ್ಲಿ ಕಾಯುತ್ತದೆ, ನಡುವೆ 26 ಕಿ.ಮೀ. ಮಾತ್ರ ಖಾಲಿ. ಮೇಲಿನ ಗಾಡಿಯನ್ನು ದಿನಕ್ಕೊಮ್ಮೆ ಕುಲೆಂವರೆಗೆ ಇಳಿಸಿ, ಮಧ್ಯಾಹ್ನದ ನಂತರ ಗೋವಾ ಎಕ್ಸ್‌ಪ್ರೆಸ್‌ನ ಬೆನ್ನಿಗೇ ಏರಿಸಿದರೆ, ಹೊಸ ಹಳಿಯಾಗಲಿ ಹೊಸ ಗಾಡಿಯಾಗಲಿ ಬೇಕಾಗುವುದಿಲ್ಲ. ಘಾಟಿನಲ್ಲಿ ಹೋಗಲೊಮ್ಮೆ ಬರಲೊಮ್ಮೆ ದಾರಿ ಬಿಡುವುದು, ಒಂದೆರಡು ಬ್ಯಾಂಕರ್, ಕುಲೆಂನಲ್ಲಿ ಜೋಡಣೆಯ ವೇಳೆ ಇಷ್ಟೇ ಬೇಕು. ಬೆಳಗಾವಿಯನ್ನು ಆರಕ್ಕೆ ಬಿಟ್ಟರೆ ಒಂಬತ್ತೂಕಾಲರ ಹೊತ್ತಿಗೆ ಕುಲೆಂ, ಹನ್ನೊಂದರೊಳಗೆ ವಾಸ್ಕೊ ಸೇರಬಹುದು ಎಂಬುದು ನನ್ನ ಅಂದಾಜು. ಬಸ್ಸಿಗಿಂತ ತಡವೇ, ಆದರೆ ಚೋರ್ಲಾದ ತಿರುವುಗಳಲ್ಲಿ ಹೊಟ್ಟೆ ತೊಳಸಿ ಕಂಗೆಟ್ಟವರು ಒಂದು ತಾಸು ಹೆಚ್ಚಾದರೂ ಹಳಿಯನ್ನೇ ಆರಿಸುತ್ತಾರೆ. ಖಾನಾಪುರ ತಾಲ್ಲೂಕಿನ ಹಳ್ಳಿಗಳಿಂದ ಗೋವಾಕ್ಕೆ ದುಡಿಯಲು ಹೋಗುವವರಿಗೂ ತರಕಾರಿ, ಹಾಲು ಒಯ್ಯುವವರಿಗೂ ಪ್ರವಾಸಿಗಳಿಗಿಂತ ಇದರ ಉಪಯೋಗ ಹೆಚ್ಚು. ಬೇಡಿಕೆಯನ್ನು ಬರೆಯುವಾಗ ಇವರ ಮಾತನ್ನೇ ಮೊದಲು ಬರೆಯಬೇಕು ಎಂದು ನಾನು ಹೇಳುತ್ತೇನೆ, ಏಕೆಂದರೆ ದೂಧಸಾಗರ ಜಲಪಾತದ ಹೆಸರು ಎತ್ತಿದರೆ ಅಧಿಕಾರಿಗಳಿಗೆ ನೆನಪಾಗುವುದು 2023ರ ಜುಲೈಯಲ್ಲಿ ಹಳಿಯ ಮೇಲೆ ನಡೆದು ಹೋದ ಗುಂಪುಗಳು. ಆಗ ನೈಋತ್ಯ ರೈಲ್ವೆಯೇ ಎಚ್ಚರಿಕೆ ಕೊಡಬೇಕಾಯಿತು. ಅಲ್ಲಿ ಇಳಿದು ಹಳಿಯ ಮೇಲೆ ಅಡ್ಡಾಡುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ.

ನಮ್ಮ ಊರಿನವರು ಆಗಾಗ ಎತ್ತುವ ಇನ್ನೆರಡು ಯೋಜನೆಗಳು ಈ ಪ್ರಶ್ನೆಗೆ ಉತ್ತರವಾಗಲಾರವು. ಕಿತ್ತೂರು ಮೇಲೆ ಧಾರವಾಡಕ್ಕೆ ಹೋಗುವ ಸುಮಾರು 73 ಕಿ.ಮೀ. ಹೊಸ ಮಾರ್ಗ, ದಿವಂಗತ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಮುಂದಕ್ಕೆ ತಂದದ್ದು, ಬೆಂಗಳೂರು ಗಾಡಿಗಳಿಗೆ ಲೋಂಡಾ ಸುತ್ತು ತಪ್ಪಿಸುತ್ತದೆ. ಕಡಲಿನ ದಾರಿಗೆ ಅದರ ಕೊಡುಗೆ ಲೋಂಡಾ ಕಡೆ ಸ್ವಲ್ಪ ಬಿಡುವು ಸಿಗುವುದಷ್ಟೇ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ಅಡಿಗಲ್ಲು ಬಿದ್ದು ಕಾಲು ಶತಮಾನ ಕಳೆದರೂ ಅದು ಕಾಡಿನ ಅನುಮತಿಯ ವ್ಯಾಜ್ಯದಿಂದ ಹೊರಬಂದಿಲ್ಲ, ಬಂದರೂ ಬೆಳಗಾವಿಗೆ ಅದು ದೂರದ ಬಳಸು.

ಮನವಿ ಕೊಡುವುದಾದರೆ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಒಂದು, ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿಯಲ್ಲಿ ನಮ್ಮ ಜಿಲ್ಲೆಯಿಂದ ಇರುವ ಸದಸ್ಯರಿಗೆ ಒಂದು ಕೊಡಿ. ಬೆಳಗಾವಿಯೂ ಘಾಟೂ ವಾಸ್ಕೊವೂ ಒಂದೇ ಹುಬ್ಬಳ್ಳಿ ವಿಭಾಗದಲ್ಲಿರುವುದು ನಮ್ಮ ಅದೃಷ್ಟ. ಮೀರಜ್ ಆಚೆಗೆ ವಿಸ್ತರಿಸಲು ಹೋದರೆ ಮಧ್ಯ ರೈಲ್ವೆಯ ಒಪ್ಪಿಗೆಯೂ ಬೇಕಾಗಿ ಕಡತ ಎರಡು ಕಡೆ ಅಲೆಯುತ್ತದೆ, ಆದ್ದರಿಂದ ಗಾಡಿಯನ್ನು ಬೆಳಗಾವಿಯಿಂದಲೇ ಕೇಳಿ. ‘ಗೋವಾಕ್ಕೆ ರೈಲು ಬೇಕು’ ಎಂದಷ್ಟೇ ಬರೆದ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಸಾಲು ಮರಳಿ ಬರುತ್ತದೆ. ಯಾವ ಗಾಡಿ, ಎಲ್ಲಿಂದ ಎಲ್ಲಿಗೆ ವಿಸ್ತರಣೆ, ಕ್ಯಾಸಲ್‌ರಾಕ್ ಯಾವ ಹೊತ್ತಿಗೆ ಬಿಡಬೇಕು, ಕುಲೆಂನಲ್ಲಿ ಯಾವ ಗಾಡಿಗೆ ಜೋಡಣೆ, ಎಷ್ಟು ಬೋಗಿ ಸಾಕು ಎಂದು ಬರೆದರೆ ಅದು ವೇಳಾಪಟ್ಟಿ ಸಿದ್ಧಪಡಿಸುವವರ ಮೇಜಿಗೆ ಹೋಗುತ್ತದೆ. ಮೊದಲು ಅಕ್ಟೋಬರ್‌ನಿಂದ ಮೇವರೆಗೆ, ವಾರದ ಕೊನೆಯ ಎರಡು ದಿನ ಮಾತ್ರ ವಿಶೇಷ ಗಾಡಿಯಾಗಿ ಓಡಿಸಿ ನೋಡಿ ಎಂದು ಕೇಳುವುದು ಮೇಲು. ಮಳೆಗಾಲದ ತಕರಾರು ಆಗ ಏಳುವುದಿಲ್ಲ, ಗೂಡ್ಸ್ ಸಂಚಾರದವರಿಗೂ ವಾರದಲ್ಲಿ ಐದು ದಿನ ಉಳಿಯುತ್ತವೆ.